ಅಂಚೆಗೆ ಬೀಳದ ಅರ್ಜಿ: ಮದ್ದೂರು ಸೀಮೆಯ ಒಬ್ಬ ನಾಟಕದ ಮೇಷ್ಟ್ರ ಪ್ರಕರಣ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದುಕೊಂಡು ನಾಲ್ಕು ದಶಕಗಳಿಂದ ಪೌರಾಣಿಕ ನಾಟಕ ಕಲಿಸುತ್ತ ಬಂದಿರುವ ಹಾರ್ಮೋನಿಯಂ ಮೇಷ್ಟ್ರೊಬ್ಬರ ಕಸುಬಿನ ಬದುಕನ್ನು, ಅದರ ನಡುವೆ ಅವರು ಹಿಡಿಯದೆ ಬಿಟ್ಟ ಒಂದು ದಾರಿಯನ್ನು, ಆ ದಾರಿಯ ನೆನಪು ಅವರ ಮಗಳ ತೀರ್ಮಾನದೊಳಕ್ಕೆ ನುಸುಳಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ತಮ್ಮ ಹೆಸರಾಗಲಿ ಊರಿನ ಹೆಸರಾಗಲಿ ಬರಬಾರದೆಂಬುದು ಅವರ ಕೋರಿಕೆಯಾದ್ದರಿಂದ ಊರಿನವರು ಕರೆಯುವಂತೆ ‘ಮೇಷ್ಟ್ರು’ ಎಂದೇ ಬರೆಯುತ್ತೇನೆ. ನಾನು ಮಂಡ್ಯದ ಪದವಿ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ಮೇಷ್ಟ್ರ ಕಿರಿಯ ಮಗಳು ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತವಳು.

2023ರ ಬೇಸಿಗೆಯಲ್ಲಿ ಆಕೆ ಬಿ.ಕಾಂ. ಕೊನೆಯ ಸೆಮಿಸ್ಟರ್‌ನಲ್ಲಿದ್ದಳು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿರುವ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಬೇಕೆಂದು ಅವಳ ಆಸೆ. ಅಪ್ಪ ಬೇಡವೆಂದೂ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಮಾತು ಎತ್ತಿದಾಗಲೆಲ್ಲ ಎದ್ದು ಹಿತ್ತಲ ಕಡೆ ಹೋಗಿಬಿಡುತ್ತಿದ್ದರು. “ನೀವಾದ್ರೂ ಒಂದ್ಸಲ ಅಪ್ಪನ ಹತ್ರ ಮಾತಾಡಿ ಮೇಡಂ” ಎಂದು ಅವಳು ಕೇಳಿಕೊಂಡದ್ದರಿಂದ ನಾನು ಅವರ ಮನೆಗೆ ಹೋದೆ. ರಂಗದ ಮೇಲೆಯೇ ಆಯಸ್ಸು ಸವೆಸಿದ ತಂದೆ ಅದರ ಕಷ್ಟ ಬಲ್ಲವರಾದ್ದರಿಂದ ಮಗಳನ್ನು ತಡೆಯುತ್ತಿದ್ದಾರೆ ಎಂದು ದಾರಿಯಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನ ತಪ್ಪೆಂದು ತಿಳಿಯುವುದಕ್ಕೆ ನಾಲ್ಕು ಭೇಟಿ ಹಿಡಿದವು.

ಮೇಷ್ಟ್ರು ಹುಟ್ಟಿದ್ದು 1962ರಲ್ಲಿ. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಒಂದೂವರೆ ಎಕರೆ ಗದ್ದೆ ತಂದೆಯ ಆಸ್ತಿ. ಪಿ.ಯು.ಸಿ.ವರೆಗೆ ಓದಿದರು, ಸರ್ಕಾರದ ಸಂಗೀತ ಪರೀಕ್ಷೆಯಲ್ಲಿ ಜೂನಿಯರ್ ದರ್ಜೆ ಮುಗಿಸಿದರು. ಆದರೆ ನಿಜವಾದ ಕಲಿಕೆ ನಡೆದದ್ದು ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸಿ, ಕಂಪನಿ ಒಡೆದ ಮೇಲೆ ಹೆಂಡತಿಯ ಊರಾದ ಇವರ ಹಳ್ಳಿಗೆ ಬಂದು ನೆಲೆಸಿದ್ದ ಒಬ್ಬ ಮುದುಕರ ಮನೆಯ ಜಗಲಿಯಲ್ಲಿ. ಗುರುಗಳಿಂದ ಅವರಿಗೆ ವಿದ್ಯೆಯ ಜೊತೆಗೆ ಒಂದು ಕೀಳರಿಮೆಯೂ ಬಂತೆಂದು ನನಗೆ ಅನ್ನಿಸುತ್ತದೆ. ಹಾರ್ಮೋನಿಯಂನ ಸ್ವರಗಳು ಕಟ್ಟಿಹಾಕಿದಂಥವು, ಅದರಲ್ಲಿ ಸ್ವರವನ್ನು ಓಲಾಡಿಸುವ ಗಮಕ ಬಾರದು, ಅದು ನಮ್ಮ ಸಂಗೀತಕ್ಕೆ ಒಗ್ಗದ ವಾದ್ಯ ಎಂಬ ವಾದ ಬಲವಾಗಿ, 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ, ಅದೂ ಭಾಗಶಃ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ, ‘ಆಕಾಶವಾಣಿ’ ಎಂಬ ಹೆಸರಿಗೆ ನೆಲೆಯಾದ ಮೈಸೂರು ಇವರ ಊರಿನಿಂದ ಬಸ್ಸಿನಲ್ಲಿ ಎರಡು ತಾಸಿನ ಹಾದಿ. ಆ ಊರಿನ ರೇಡಿಯೋ ತನ್ನ ವಾದ್ಯವನ್ನು ಬಾಗಿಲ ಹೊರಗೇ ನಿಲ್ಲಿಸಿತೆಂಬ ನೋವನ್ನು ಗುರುಗಳು ಸಾಯುವತನಕ ಹೇಳಿಕೊಳ್ಳುತ್ತಿದ್ದರಂತೆ. ಹದಿನಾರರ ಹುಡುಗನಿಗೆ ಕಿವಿಗೆ ಬಿದ್ದದ್ದು ನಿಷೇಧದ ಕಾರಣಗಳಲ್ಲ. ತಾನು ಕಲಿಯುತ್ತಿರುವುದು ಎರಡನೆಯ ದರ್ಜೆಯ ವಿದ್ಯೆ ಎಂಬ ಒಂದೇ ಮಾತು.

ಈ ಸೀಮೆಯ ನಾಟಕದ ವ್ಯವಸ್ಥೆ ತಿಳಿಯದವರಿಗಾಗಿ ಸ್ವಲ್ಪ ವಿವರಿಸಬೇಕು. ಮಂಡ್ಯ, ಮೈಸೂರು, ರಾಮನಗರ, ತುಮಕೂರು ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವುದೆಂದರೆ ಹಣ ಹಾಕುವವರು ಪಾತ್ರಧಾರಿಗಳೇ. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಸಣ್ಣ ಪಾತ್ರಗಳಿಗೆ ಕಡಿಮೆ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲೋ ಆಲೆಮನೆಯಲ್ಲೋ ದುಡಿದವರು, ಬಸ್ ಕಂಡಕ್ಟರ್‌ಗಳು, ಹಾಲಿನ ಡೈರಿಯ ಕಾರ್ಯದರ್ಶಿಗಳು ರಾತ್ರಿ ಎಂಟರ ಮೇಲೆ ಗುಡಿಯ ಜಗಲಿಯಲ್ಲಿ ಸೇರುತ್ತಾರೆ. ಮೂರು ನಾಲ್ಕು ತಿಂಗಳು ಪ್ರಾಕ್ಟೀಸ್ ನಡೆಯುತ್ತದೆ. ಕಂದ, ವೃತ್ತವೆಂಬ ಪದ್ಯಗಳು, ಹಾಡು, ಮಾತು, ನಡೆ ಎಲ್ಲವನ್ನೂ ಕಲಿಸುವವರು ಮೇಷ್ಟ್ರು ಒಬ್ಬರೇ. ಸೀನರಿ, ಉಡುಪು ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಊರಹಬ್ಬದ ರಾತ್ರಿ ನಾಟಕ ಶುರುವಾದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ, ನಡುನಡುವೆ ನೆಂಟರು ರಂಗದ ಮೇಲೇರಿ ನೋಟಿನ ಹಾರ ಹಾಕುತ್ತಾರೆ, ಉಂಗುರ ತೊಡಿಸುತ್ತಾರೆ. ಈಗೀಗ ಮಂಡ್ಯದ ಕಲಾಮಂದಿರದಲ್ಲಿ, ಮೈಸೂರಿನ ಪುರಭವನದಲ್ಲಿ ಹಗಲು ಪ್ರದರ್ಶನಗಳೂ ಉಂಟು. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ ಆ ಪುರಭವನದ ಮುಂದೆ ಗದೆ ಹಿಡಿದ ಭೀಮನೊಬ್ಬ ಚಹಾ ಕುಡಿಯುತ್ತ ನಿಂತದ್ದನ್ನು ನಾನೇ ಕಂಡಿದ್ದೇನೆ.

ಮೇಷ್ಟ್ರ ಕೌಶಲ ಏನೆಂಬುದು ನನಗೆ ಗೊತ್ತಾದದ್ದು ಎರಡನೆಯ ಭೇಟಿಯಲ್ಲಿ. ಅಂದು ರಾತ್ರಿ ಪಕ್ಕದ ಊರಿನ ಪ್ರಾಕ್ಟೀಸಿಗೆ ನನ್ನನ್ನೂ ಕರೆದೊಯ್ದರು. ಕಾಲಲ್ಲಿ ತುಳಿಯುವ ಹಳೆಯ ಹಾರ್ಮೋನಿಯಂ ಅದು. ನಡುಸ್ಥಾಯಿಯ ನಾಲ್ಕೈದು ಮನೆಗಳ, ಅಂದರೆ ಬೆರಳಿಡುವ ಪಟ್ಟಿಗಳ, ಮೇಲಿನ ಬಿಳಿ ಹೊದಿಕೆ ಸವೆದು ಮರ ಕಾಣುತ್ತಿತ್ತು. ಭೀಮನ ಪಾತ್ರದವರು ಬಿಳಿಯ ನಾಲ್ಕನೆಯ ಮನೆಯ ಶ್ರುತಿಯಲ್ಲಿ ಕಂದ ಎತ್ತಿಕೊಂಡರು. ಆವೇಶ ಹೆಚ್ಚಿ, ಎರಡನೆಯ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅವರ ಕೊರಳು ಅರ್ಧ ಸ್ವರ ಮೇಲೇರಿಬಿಟ್ಟಿತ್ತು. ಮೇಷ್ಟ್ರು ತಲೆಯನ್ನೂ ಎತ್ತಲಿಲ್ಲ. ಕಾಲಿನ ತುಳಿತವನ್ನು ಒಂದು ಗಳಿಗೆ ಸಡಿಲಿಸಿ ನಾದ ತಗ್ಗಿಸಿದರು, ತಬಲದವನ ಕಡೆ ಹುಬ್ಬು ಹಾರಿಸಿದರು. ಅವನು ಒಂದು ಉರುಳಿಕೆ ಕೊಟ್ಟು ಮುಗಿಸುವಷ್ಟರಲ್ಲಿ ಇವರ ಬೆರಳುಗಳು ಅರ್ಧ ಸ್ವರ ಮೇಲಿನ ಕಪ್ಪು ಮೂರಕ್ಕೆ ಸರಿದಿದ್ದವು. ಮೂರನೆಯ ಸಾಲು ಶುರುವಾದಾಗ ಶ್ರುತಿ ಭೀಮನ ಕೊರಳಿನ ಜಾಗದಲ್ಲೇ ಇತ್ತು. ತಾನು ಜಾರಿದ್ದು ಭೀಮನಿಗೂ ತಿಳಿಯಲಿಲ್ಲ, ಕೇಳುತ್ತ ಕುಳಿತವರಿಗೂ ತಿಳಿಯಲಿಲ್ಲ. ದಾರಿಯಲ್ಲಿ ಬರುವಾಗ ನಾನು ಅದನ್ನು ಎತ್ತಿದಾಗ ಮೇಷ್ಟ್ರು ಅಚ್ಚರಿಪಟ್ಟರು. “ನೀವು ಕಂಡ್ರಾ?” ಎಂದು ಕೇಳಿ, ಸ್ವಲ್ಪ ದೂರ ಸುಮ್ಮನೆ ನಡೆದು, “ಕಾಣ್ಬಾರ್ದು ಅಂತ್ಲೇ ಮಾಡದು” ಎಂದರು.

ಅವರ ವೃತ್ತಿಜೀವನದ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಇನ್ನೊಂದು ಘಟನೆ ನನಗೆ ಸಿಕ್ಕಿಲ್ಲ. ಕೆಲಸ ಚೆನ್ನಾಗಿ ಆದಷ್ಟೂ ಅದು ಕಾಣದಾಗುತ್ತದೆ. ಅವರ ಬಳಿ ರಟ್ಟಿನ ಹೊದಿಕೆಯ ಉದ್ದನೆಯ ನೋಟ್‌ಬುಕ್ ಒಂದಿದೆ. ಅದರಲ್ಲಿ 1983ರಿಂದ 2020ರ ಫೆಬ್ರವರಿಯವರೆಗೆ ಕಲಿಸಿದ 163 ನಾಟಕಗಳ ಊರು, ದಿನಾಂಕ, ಪಾತ್ರಧಾರಿಗಳ ಹೆಸರು ಇವೆ. ಮೇಷ್ಟ್ರ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಕೊರೊನಾದ ಎರಡು ವರ್ಷ ಹಾಳೆಗಳು ಖಾಲಿ. ಆಮೇಲೆ ಮತ್ತೆ ನಾಟಕಗಳು ಬಂದವು, ಆದರೆ ಅವನ್ನು ಬರೆಯುವ ಮನಸ್ಸು ಬರಲಿಲ್ಲವೆಂದರು.

ಇನ್ನು 1989ರ ವಿಷಯ. ಆ ವರ್ಷ ಮೈಸೂರಿನಲ್ಲಿ ಸರ್ಕಾರದ ರಂಗಸಂಸ್ಥೆಯಾದ ರಂಗಾಯಣ ಆರಂಭವಾಯಿತು, ಬಿ.ವಿ. ಕಾರಂತರು ಅದರ ಮೊದಲ ನಿರ್ದೇಶಕರಾದರು. ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದವರು. ವೀರಣ್ಣನವರೇ ಮುಂದೆ ಅವರನ್ನು ಓದಲೆಂದು ಕಾಶಿಗೆ ಕಳುಹಿಸಿದ್ದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಅದೇ ಶಾಲೆಯ ನಿರ್ದೇಶಕರೂ ಆದರು. ಕಂಪನಿ ನಾಟಕದ ಮಟ್ಟುಗಳು, ಅಂದರೆ ಹಾಡಿನ ಧಾಟಿಗಳು, ಅವರ ರಂಗಸಂಗೀತದ ತಾಯಿಬೇರು. ಹಾಗಾಗಿ ಕಂಪನಿಯವರ ಕೈಯಲ್ಲಿ ಕಲಿತ ಇಪ್ಪತ್ತೇಳರ ಹಾರ್ಮೋನಿಯಂ ವಾದಕನೊಬ್ಬನಿಗೆ ಅಂಥವರ ಬಳಿ ಜಾಗ ಸಿಗುವ ಸಂಭವ ಇದ್ದೇ ಇತ್ತು. ಸಿಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಮೇಷ್ಟ್ರು ಅರ್ಜಿ ಬರೆದರು, ಲಕೋಟೆಯ ಮೇಲೆ ವಿಳಾಸ ಬರೆದು ಅಂಟು ಹಾಕಿದರು, ಆದರೆ ಅಂಚೆಗೆ ಹಾಕಲಿಲ್ಲ. ಒಂದು ತಿಂಗಳು ಅಟ್ಟದ ಮೇಲಿಟ್ಟಿದ್ದು ಬಚ್ಚಲ ಒಲೆಗೆ ಹಾಕಿದರು.

ಏಕೆ ಹಾಕಲಿಲ್ಲವೆಂದು ನಾನು ಕೇಳಿದಾಗ ಸಿಕ್ಕ ಮೊದಲ ಉತ್ತರ ಕರ್ತವ್ಯದ್ದು. ಆಗ ಒಂದು ಊರಿನ ನಾಟಕ ಒಪ್ಪಿಕೊಂಡು ಮುಂಗಡ ಪಡೆದಿದ್ದರು, ಮೂರು ತಿಂಗಳ ಪ್ರಾಕ್ಟೀಸ್ ಮುಗಿದಿತ್ತು. “ಒಪ್ಕೊಂಡಿದ್ದ ನಾಟ್ಕ ಬುಟ್ಟು ಹೋಗಕ್ಕಾಯ್ತದಾ ಮೇಡಂ?” ಎಂದರು. ತಂದೆಗೆ ಸಾಲವಿತ್ತೆಂಬ ಮಾತೂ ಬಂತು. ಎರಡೂ ಸುಳ್ಳಲ್ಲ. ಆದರೆ ನೋಟ್‌ಬುಕ್ ತಿರುವುತ್ತ ನಾನು ಗಮನಿಸಿದೆ: ಆ ನಾಟಕ ಮುಗಿದ ಮೇಲೆ ಮುಂದಿನದು ಶುರುವಾಗುವ ಮೊದಲು ಎರಡು ತಿಂಗಳಿಗೂ ಹೆಚ್ಚು ಬಿಡುವಿತ್ತು. ಅದನ್ನು ತೋರಿಸಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಒಬ್ಬ ಮನುಷ್ಯ ಮೂವತ್ತನಾಲ್ಕು ವರ್ಷ ತನಗೇ ಹೇಳಿಕೊಂಡು ಬಂದ ಕಾರಣವನ್ನು ಅವನ ಕೈಬರಹದಿಂದಲೇ ಕೆಡವುವ ಹಕ್ಕು ನನಗೆ ಎಲ್ಲಿಂದ ಬಂತೆಂದು ಅನ್ನಿಸಿತು. ನಾನು ತೋರಿಸಲಿಲ್ಲ. ಮೂರನೆಯ ಭೇಟಿಯಲ್ಲಿ, ರೀಡುಗಳ ಧೂಳು ತೆಗೆಯಲೆಂದು ಹಾರ್ಮೋನಿಯಂ ಬಿಚ್ಚಿಟ್ಟುಕೊಂಡು ಒಂದೊಂದೇ ಹಿತ್ತಾಳೆಯ ನಾಲಗೆಯನ್ನು ಹಳೆಯ ಕುಂಚದಿಂದ ಒರೆಸುತ್ತಿದ್ದಾಗ ಅವರೇ ಹೇಳಿದರು: “ಹೆದರ್ಕೊಂಡೆ ಮೇಡಂ. ಅಲ್ಲಿ ಓದ್ಕೊಂಡವ್ರು ಇರ್ತಾರೆ. ನಾನು ಪೆಟ್ಗೆ ಬಾರ್ಸೋನು. ಸಾಕು ಹೋಗಪ್ಪ ಅಂದ್ಬುಟ್ರೆ ಆಮೇಲೆ ಊರಲ್ಲೂ ಕಲ್ಸಕ್ಕೆ ಆಗ್ತಿರ್ಲಿಲ್ಲ.”

ಈ ಕೊನೆಯ ವಾಕ್ಯವನ್ನು ಓದುಗರು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅವರಿಗಿದ್ದದ್ದು ಸೋಲುವ ಭಯವಷ್ಟೇ ಆಗಿರಲಿಲ್ಲ. ದೊಡ್ಡವರೊಬ್ಬರು ಬೇಡವೆಂದರೆ, ಕೈಯಲ್ಲಿದ್ದ ವಿದ್ಯೆಯ ಮೇಲಿನ ನಂಬಿಕೆಯೂ ಹೋಗಿ ಇದ್ದ ಕಸುಬೂ ಕೈಬಿಡುತ್ತದೆಂಬ ಭಯ. ಗುರುಗಳ ಜಗಲಿಯಲ್ಲಿ ಕೇಳಿದ ರೇಡಿಯೋ ಮಾತು ಇಲ್ಲಿ ಕೆಲಸ ಮಾಡಿದೆ.

ಆಮೇಲೆ ಕೆಲವು ವರ್ಷ ಕಳೆದ ಮೇಲೆ ಒಮ್ಮೆ ಅವರು ರಂಗಾಯಣಕ್ಕೆ ಹೋಗಿ, ಟಿಕೆಟ್ ಕೊಂಡು, ಹಿಂದಿನ ಸಾಲಿನಲ್ಲಿ ಕುಳಿತು ನಾಟಕವೊಂದನ್ನು ನೋಡಿದ್ದಾರೆ. ಅದರ ಒಂದು ಹಾಡಿನಲ್ಲಿ ತಮಗೆ ಚೆನ್ನಾಗಿ ಗೊತ್ತಿದ್ದ ಕಂಪನಿ ಮಟ್ಟೊಂದು ಬೇರೆ ವಾದ್ಯಗಳ ಜೊತೆ, ಬೇರೆ ನಡೆಯಲ್ಲಿ, ಹೊಸ ಹುಟ್ಟು ಪಡೆದು ಬಂದಿತಂತೆ. ಯಾರನ್ನೂ ಮಾತನಾಡಿಸದೆ ರಾತ್ರಿಯ ಬಸ್ಸಿಗೆ ಹಿಂದಿರುಗಿದರು. ಇದನ್ನು ಹೇಳುವಾಗ ಅವರ ಬಲಗೈ ಬೆರಳುಗಳು ಮಂಚದ ಕಟ್ಟಿನ ಮೇಲೆ ಆ ಹಾಡನ್ನೇ ನುಡಿಸುತ್ತಿದ್ದವು.

ಇಲ್ಲಿ ನನ್ನ ತಪ್ಪನ್ನು ದಾಖಲಿಸಬೇಕು. ಈ ವೃತ್ತಾಂತವೆಲ್ಲ ತಿಳಿದ ಮೇಲೆ ಮಗಳ ಪರವಾಗಿ ವಾದಿಸಲು ಒಳ್ಳೆಯ ಆಧಾರ ಸಿಕ್ಕಿತೆಂದುಕೊಂಡು, “ನಿಮಗೆ ಆದದ್ದು ಅವಳಿಗೂ ಆಗಬಾರದಲ್ಲವೇ ಮೇಷ್ಟ್ರೇ?” ಎಂದುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. ಆದರೆ ಆವರೆಗೆ ಕೇಳಿರದ ಗಟ್ಟಿ ದನಿಯಲ್ಲಿ, “ನನ್ ಸಂಕಟದ ಮೂಟೆಯ ಅವಳ ತಲೆ ಮ್ಯಾಲೆ ಹೊರಿಸ್ಬ್ಯಾಡಿ ಮೇಡಂ. ನಂದು ನಂಗೇ ಇರ್ಲಿ. ಅವಳು ಹೋಗದಾದ್ರೆ ಅವಳಿಗೋಸ್ಕರ ಹೋಗ್ಲಿ” ಎಂದರು. ತಂದೆ ತಾಯಿ ತಾವು ಆಗದ್ದನ್ನು ಮಕ್ಕಳು ಆಗಲಿ ಎಂದು ಹರಸುವುದನ್ನು ನಾವು ಬಹಳ ಮೆಚ್ಚಿ ಮಾತನಾಡುತ್ತೇವೆ. ನಾನೂ ತರಗತಿಯಲ್ಲಿ ಹಾಗೆ ಮಾತನಾಡಿದವಳೇ. ಹಾಗೆ ಕಳುಹಿಸಲ್ಪಟ್ಟ ಹುಡುಗಿ ಅಲ್ಲಿ ಸೋತರೆ ಎರಡು ಸೋಲು ಹೊರಬೇಕಾಗುತ್ತದೆ ಎಂಬುದು ಮೇಷ್ಟ್ರ ಮಾತು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಇಷ್ಟು ಸ್ಪಷ್ಟವಾಗಿ ಕಾಣಬಲ್ಲವರು ಮಗಳಿಗೆ ಹೂಂ ಎನ್ನದೆ ಇದ್ದದ್ದೇಕೆ? ಅದು ತಿಳಿದದ್ದು ನಾಲ್ಕನೆಯ ಭೇಟಿಯಲ್ಲಿ, ಅದೂ ಅವರ ಹೆಂಡತಿ ಕಾಫಿ ತಂದಿಡುತ್ತ ಆಡಿದ ಮಾತಿನಿಂದ. “ಮೈಸೂರಾದ್ರೆ ನಾಳೆಗೇ ಕಳಿಸ್ತಾರೆ ಕಣಮ್ಮ” ಎಂದರು ಆಕೆ. ಮೇಷ್ಟ್ರು ತಲೆ ತಗ್ಗಿಸಿದರು. ಅವರಿಗೆ ಮಗಳು ನಾಟಕಕ್ಕೆ ಹೋಗುವುದರಲ್ಲಿ ತಕರಾರಿರಲಿಲ್ಲ, ಹಣದ ಚಿಂತೆಯೂ ಎರಡನೆಯದು. ಹೋಗುವುದಾದರೆ ಮೈಸೂರಿಗೆ ಹೋಗಲಿ, ರಂಗಾಯಣದ ರಂಗಶಾಲೆಗೇ ಸೇರಲಿ ಎಂಬುದು ಬಾಯಿಬಿಟ್ಟು ಹೇಳದ ಆಸೆ. ಮಗಳಿಗೆ ಬೇಕಾದದ್ದು ಹೆಗ್ಗೋಡು. ಮಂಡ್ಯಕ್ಕೆ ಬಂದ, ನೀನಾಸಂನ ಸಂಚಾರಿ ತಂಡವಾದ ‘ತಿರುಗಾಟ’ದ ನಾಟಕವೊಂದನ್ನು ಮೊದಲ ವರ್ಷದ ಪದವಿಯಲ್ಲಿದ್ದಾಗ ನೋಡಿ, ನಾಟಕ ಮುಗಿದ ಮೇಲೆ ನಟರೇ ಸೀನು ಬಿಚ್ಚಿ, ದೀಪ ಇಳಿಸಿ, ಪೆಟ್ಟಿಗೆ ಹೊತ್ತು ಲಾರಿ ತುಂಬುವುದನ್ನು ಕಂಡು ಅವಳು ನಿರ್ಧರಿಸಿದ್ದಳು. ಹಳ್ಳಿಯೊಂದರಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ಅವರ ಒಡನಾಡಿಗಳು ಕಟ್ಟಿದ, 1980ರಿಂದ ರಂಗಶಿಕ್ಷಣ ನೀಡುತ್ತಿರುವ ಆ ಜಾಗ ತನಗೆ ತನ್ನ ಊರಿನಂತೆಯೇ ಕಾಣುತ್ತದೆಂದು ನನ್ನೊಡನೆ ಹೇಳಿದ್ದಳು.

ಹೀಗೆ, ತನ್ನ ಮೂಟೆಯನ್ನು ಮಗಳ ಮೇಲೆ ಹೊರಿಸಬಾರದೆಂದು ನನಗೆ ಹೇಳಿದವರೇ ಅದರ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟಿದ್ದರು. ಇದರಲ್ಲಿ ಕಪಟವಿಲ್ಲ. ಹಿಡಿಯದ ದಾರಿಗೆ ಮನಸ್ಸಿನಲ್ಲಿ ಒಂದು ಊರಿರುತ್ತದೆ, ಒಂದು ಬಸ್ಸಿನ ಹೊತ್ತಿರುತ್ತದೆ, ಒಂದು ಬಾಗಿಲಿರುತ್ತದೆ. ಬೇರೆ ಯಾರು ಆ ಕಡೆ ಹೊರಟರೂ ಅದೇ ಬಾಗಿಲಿಗೆ ಹೋಗಲಿ ಎನ್ನಿಸುತ್ತದೆ. ಮೇಷ್ಟ್ರಿಗೆ ಇದನ್ನು ನಾನು ವಿವರಿಸಬೇಕಾಗಲಿಲ್ಲ. ಹೆಂಡತಿಯ ಮಾತು ಬಿದ್ದ ಕೂಡಲೇ ಅವರಿಗೆ ತಿಳಿದಿತ್ತು.

ಐದನೆಯ ಭೇಟಿಯಲ್ಲಿ ನಾನು ಬೇರೆ ಪ್ರಶ್ನೆ ಕೇಳಿದೆ. 1989ರಲ್ಲಿ ಕಳೆದುಕೊಂಡದ್ದು ಯಾವುದು ಎಂದು ಬಿಡಿಸಿ ಹೇಳಿ ಎಂದೆ: ಸಂಬಳವೇ, ಹೆಸರೇ, ಊರು ನೋಡುವುದೇ? ಸಂಬಳವಲ್ಲ ಎಂದರು, ಗದ್ದೆಯೂ ನಾಟಕವೂ ಸೇರಿ ಮೂವರು ಮಕ್ಕಳನ್ನು ದಡ ಸೇರಿಸಿವೆ. ಹೆಸರು? ಸುತ್ತ ಮೂವತ್ತು ಹಳ್ಳಿಗಳಲ್ಲಿ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಊಟ ಬರುತ್ತದೆ. ಬಹಳ ಹೊತ್ತು ಬಿಟ್ಟು ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ: “ನಲವತ್ತು ವರ್ಸದಿಂದ ನಂಗೆ ಯಾರೂ ‘ಇದು ತಪ್ಪು’ ಅಂದಿಲ್ಲ ಮೇಡಂ. ಗುರುಗಳು ಹೋದ್ಮೇಲೆ ಒಬ್ರೂ ಅಂದಿಲ್ಲ. ನಾನು ಮಾಡಿದ್ದೆಲ್ಲ ಸರಿನಾ?”

ಅವರು ಕಳೆದುಕೊಂಡದ್ದು ಸರೀಕರನ್ನು. ಹಳ್ಳಿಯ ಪಾತ್ರಧಾರಿಗಳಿಗೆ ಅವರು ದೇವರ ಸಮಾನ, ಪ್ರೇಕ್ಷಕರಿಗೆ ಹಾಡು ಏರುಶ್ರುತಿಯಲ್ಲಿದ್ದರೆ ಸಾಕು. ತನಗಿಂತ ಹೆಚ್ಚು ಬಲ್ಲವರ, ಕಡೆಗೆ ತನ್ನಷ್ಟೇ ಬಲ್ಲವರ ಎದುರು ದಿನವೂ ಕುಳಿತು, ತಿದ್ದಿಸಿಕೊಂಡು, ಜಗಳವಾಡಿ, ಮತ್ತೆ ಕಟ್ಟುವ ಭಾಗ್ಯ ಒಂಟಿ ಮೇಷ್ಟ್ರಿಗೆ ಇಲ್ಲ. ಮೈಸೂರಿನದೇ ಒಂದು ಉದಾಹರಣೆ ನನಗೆ ಈ ಸಂದರ್ಭದಲ್ಲಿ ಪದೇ ಪದೇ ನೆನಪಾಗುತ್ತದೆ. ಚಿತ್ರಕಲಾವಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದು, ಕಲಾವಿದನಾಗಿ ಬೆಳೆದ ಮೇಲೂ ವೀಣೆ ಹಿಡಿದು ವೀಣೆ ಶೇಷಣ್ಣನವರಿಗೆ ಶಿಷ್ಯರಾದರು. ಒಂದು ಕಲೆಯಿಂದ ಇನ್ನೊಂದು ಕಲೆಗೆ ಹೊರಳಿದ ಅವರ ಧೈರ್ಯವನ್ನು ಜನ ಕೊಂಡಾಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು, ಎರಡೂ ಕಡೆ ಅವರಿಗೆ ‘ಇದು ಸರಿಯಿಲ್ಲ’ ಎನ್ನಬಲ್ಲ ದೊಡ್ಡವರೊಬ್ಬರು ಎದುರಿಗಿದ್ದರೆಂಬುದು. ನಮ್ಮ ತಾಲ್ಲೂಕುಗಳಲ್ಲಿ ಪ್ರತಿಭೆಗೆ ಕೊರತೆಯಿಲ್ಲ, ಚಪ್ಪಾಳೆಗೂ ಇಲ್ಲ. ಬಲ್ಲವರ ತಿದ್ದುವಿಕೆಗೆ ಇದೆ. ಈ ಕೊರತೆಯನ್ನು ಪ್ರಶಸ್ತಿ, ಮಾಸಾಶನಗಳಿಂದ ತುಂಬಲು ಆಗುವುದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಆ ದಿನ ಸಂಜೆಯೇ ಮೇಷ್ಟ್ರು ಮಗಳನ್ನು ಕರೆದು ಅರ್ಜಿ ತುಂಬು ಎಂದರು. ಜೊತೆಗೆ ಒಂದು ಷರತ್ತು ಇಟ್ಟರು: ಹೊರಡುವ ಮೊದಲು ತನ್ನ ನೆನಪಿನಲ್ಲಿರುವ ಮಟ್ಟುಗಳನ್ನು ಅವಳು ಮೊಬೈಲಿಗೆ ತುಂಬಿಕೊಳ್ಳಬೇಕು. ಮಾತು ಹೊರಟದ್ದು ಷರತ್ತಿನ ರೂಪದಲ್ಲಾದರೂ ದನಿಯಲ್ಲಿ ಕೇಳಿಕೆಯಿತ್ತು. ಇಪ್ಪತ್ತು ದಿನ ರಾತ್ರಿ ಊಟವಾದ ಮೇಲೆ ಕುಳಿತು 84 ಹಾಡು, ಕಂದಗಳನ್ನು ನುಡಿಸಿದರು, ಹಾಡಿದರು. ಯಾವುದು ಗುರುಗಳು ಹೇಳಿಕೊಟ್ಟದ್ದು, ಯಾವುದನ್ನು ತಾನೇ ತಿರುಗಿಸಿದ್ದು ಎಂದು ಪ್ರತಿಯೊಂದಕ್ಕೂ ಹೇಳಿದರು. ಅರ್ಜಿಯನ್ನು ಮಗಳು ಫೋನಿನಿಂದಲೇ ಕಳುಹಿಸುತ್ತೇನೆಂದರೂ ಕೇಳದೆ, ಒಂದು ಪ್ರತಿಯನ್ನು ಲಕೋಟೆಗೆ ಹಾಕಿಸಿ ಮದ್ದೂರಿನ ಅಂಚೆ ಕಚೇರಿಗೆ ತಾವೇ ಹೋದರು. ಸಂದರ್ಶನಕ್ಕೆ ಕರೆ ಬಂತು, ಆಯ್ಕೆಯೂ ಆಯಿತು.

ನಂತರದ ಮಾರಿಹಬ್ಬಕ್ಕೆ ಅವಳು ಎರಡು ದಿನದ ಮಟ್ಟಿಗೆ ಮನೆಗೆ ಬಂದಿದ್ದಾಗ ನನ್ನನ್ನೂ ಊಟಕ್ಕೆ ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಅಪ್ಪ ಮಗಳ ನಡುವೆ ವಾದ ಹತ್ತಿಕೊಂಡಿತ್ತು. ದ್ರೌಪದಿಯ ಒಂದು ಶೋಕದ ಹಾಡಿನಲ್ಲಿ ಮೂರನೆಯ ಸಾಲಿಗೆ ಅಪ್ಪ ಸುಮ್ಮನೆ ಲಯ ಏರಿಸುತ್ತಾರೆ, ಅಲ್ಲಿ ಮಾತಿನ ಅರ್ಥ ಅದನ್ನು ಕೇಳುವುದಿಲ್ಲ ಎಂದು ಅವಳ ಆಕ್ಷೇಪ. ಏರಿಸದಿದ್ದರೆ ರಾತ್ರಿ ಎರಡು ಗಂಟೆಗೆ ಜನ ನಿದ್ದೆಹೋಗುತ್ತಾರೆ ಎಂದು ಇವರು. ಊಟ ಆರಿಹೋಗುತ್ತಿದೆಯೆಂದು ತಾಯಿ ಮೂರು ಸಲ ಕರೆದರೂ ಇಬ್ಬರೂ ಏಳಲಿಲ್ಲ. ಕೊನೆಗೆ ಮೇಷ್ಟ್ರು ನನ್ನನ್ನು ಹಾರ್ಮೋನಿಯಂ ಎದುರಿಗೆ ಕೂರಿಸಿ, ಆ ಸಾಲನ್ನು ಮೊದಲು ತಮ್ಮಂತೆ, ಆಮೇಲೆ ಮಗಳು ಹೇಳಿದಂತೆ ನಿಧಾನವಾಗಿ ನುಡಿಸಿ ಹಾಡಿದರು. ಯಾವುದು ಸರಿ ಹೇಳಿ ಮೇಡಂ ಎಂದರು. ನನಗೆ ಹಳೆಯದೇ ಹಿಡಿಸಿತು, ಹಾಗೆಂದೇ ಹೇಳಿದೆ. ಮೇಷ್ಟ್ರು ಒಪ್ಪಲಿಲ್ಲ. ಇನ್ನೊಮ್ಮೆ ಕೇಳಿ ಎಂದು, ನಿಧಾನದ್ದನ್ನೇ ಮತ್ತೆ ನುಡಿಸತೊಡಗಿದರು.